ದಾಳಿಂಬೆ ಬಣ್ಣದ ಗಿಟಾರು

ಅಂಗಡಿಗೆ ಹೋದರೆ ನಾನು ಸುಲಭಕ್ಕೆ ಬಗ್ಗುವವಳಲ್ಲ. ಕುಕ್ಕರಿನ ಮುಚ್ಚಳವನ್ನು ಅಂಗಡಿಯವನ ಎದುರೇ ಹಾಕಿ ತೆಗೆದು, ಅವನು ಮುಖ ಸಿಂಡರಿಸಿದ ಮೇಲೂ ಇನ್ನೊಮ್ಮೆ ಹಾಕಿ ತೆಗೆದು, ಮನೆಗೆ ಹೋಗಿ ಯೋಚನೆ ಮಾಡಿ, ಮುಂದಿನ ವಾರ ಬಂದು ಕೊಳ್ಳುವ ಜಾತಿ ನನ್ನದು. ಇಂಥ ನಾನು ಒಂದು ಶನಿವಾರ ಸಂಜೆ ಪುಣೆಯ ಕ್ಯಾಂಪಿನಲ್ಲಿ, ಬರೀ ಅಂದಕ್ಕೆ ಮರುಳಾಗಿ, ನುಡಿಸಲು ಬಾರದ, ಯಾತಕ್ಕೂ ಬೇಡವಾದ ಒಂದು ಬೇಸ್ ಗಿಟಾರನ್ನು ಕೊಂಡುಬಿಟ್ಟೆ. ಅದು ಬೇಸ್ ಗಿಟಾರು ಎನ್ನುವುದೂ ಕೊಂಡಾಗ ನನಗೆ ಗೊತ್ತಿರಲಿಲ್ಲ. ಎಷ್ಟು ಕೊಟ್ಟೆ ಎಂದು ಆಗಲೂ ಯಾರಿಗೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ನಾನು ಮತ್ತು ಅವ್ವ ಕೊಂಢವಾದಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಸುತ್ತಲೂ ಹೊಸ ಬಿಲ್ಡಿಂಗುಗಳು ಏಳುತ್ತಲೇ ಇರುತ್ತಿದ್ದವು, ಒರೆಸಿದ ನೆಲದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಿಮೆಂಟಿನ ಧೂಳು. ಅಪ್ಪ ಗದಗಿನ ಕಡೆಯಿಂದ ಬಂದು ರವಿವಾರ ಪೇಠೆಯ ಅರಿವೆ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿ ಇಡೀ ಆಯುಷ್ಯ ಸವೆಸಿ, ತೊಂಬತ್ತರ ದಶಕದ ನಡುವೆ ತೀರಿಕೊಂಡಿದ್ದ. ನಾನು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೊದಮೊದಲು ಉತ್ತರ ಕೊಡುತ್ತಿದ್ದೆ, ಆಮೇಲೆ ಚಹಾ ಕೊಡತೊಡಗಿದೆ. ಹಿಂಜವಾಡಿಯ ಒಂದು ಕಂಪನಿಯಲ್ಲಿ ಪಗಾರದ ವಿಭಾಗದಲ್ಲಿ ಕೆಲಸ. ಸಾಫ್ಟ್‌ವೇರಿನವರ ಪಗಾರ ಲೆಕ್ಕ ಹಾಕುವವರೂ ಅವರ ಬಸ್ಸಿನಲ್ಲೇ ಹೋಗಬೇಕು, ಅವರ ಟ್ರಾಫಿಕ್ಕಿನಲ್ಲೇ ಸಿಕ್ಕಿಕೊಳ್ಳಬೇಕು. ಊರಿನ ಆ ತುದಿಯಿಂದ ಈ ತುದಿಗೆ ಬಂದು ಬಿಲ್ಡಿಂಗಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮೈ ಹಣ್ಣಾಗಿರುತ್ತಿತ್ತು.

ಬಂದವಳು ಒದರಬೇಕು. ಅವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ, ಅರವತ್ತು ದಾಟುವ ಹೊತ್ತಿಗೆ ಹತ್ತಿರ ನಿಂತು ಗಟ್ಟಿಯಾಗಿ ಕೂಗಿದರೆ ಮಾತ್ರ ತಿರುಗಿ ನೋಡುವ ಹಾಗೆ ಆಗಿದ್ದಳು. ಡಾಕ್ಟರರು ಕೊಟ್ಟ ಯಂತ್ರ ಸೋರುವ ಕಿವಿಯಲ್ಲಿ ಸರಿಯಾಗಿ ಕೂಡುತ್ತಿರಲಿಲ್ಲ, ಕೂತರೆ ಸೀಟಿ ಹೊಡೆಯುತ್ತಿತ್ತು. ಅದನ್ನು ಸಾಸಿವೆ ಡಬ್ಬಿಯ ಹಿಂದಿನ ಡಬ್ಬಿಯಲ್ಲಿ ಹಾಕಿಟ್ಟು ಅವಳು ಅದರ ಹೆಸರು ಎತ್ತುವುದನ್ನೇ ಬಿಟ್ಟಳು.

ಒದರಿ ಹೇಳಬಹುದಾದ ಮಾತುಗಳು ಎಷ್ಟು ಕಡಿಮೆ ಎನ್ನುವುದು ಒದರಿದವರಿಗೇ ಗೊತ್ತು. ಗ್ಯಾಸ್ ಬಂದ್ ಮಾಡು, ಗುಳಿಗಿ ತಗೊ, ಬಾಗಿಲಾ ಹಾಕ್ಕೊ. ಇವನ್ನು ಒದರಬಹುದು. ಇವತ್ತು ಯಾಕೋ ಮನಸ್ಸಿಗೆ ಸಮ ಇಲ್ಲ ಎಂದು ಒದರಲು ಬರುವುದಿಲ್ಲ. ಒದರಿದರೆ ಮೊದಲು ಕೇಳುವುದು ಪಕ್ಕದ ಮನೆಯವರಿಗೆ, ಅವ್ವನಿಗೆ ಮುಟ್ಟುವ ಹೊತ್ತಿಗೆ ಅದು ಜಗಳದ ಮಾತಾಗಿರುತ್ತದೆ. ಹೀಗಾಗಿ ವರ್ಷಗಟ್ಟಲೆ ನಾನು ಹೆತ್ತ ತಾಯಿಯ ಜೊತೆ ಆಡಿದ್ದೆಲ್ಲ ಬರೀ ಅಪ್ಪಣೆ. ಅವಳೂ ಹೂಂ ಎಂದು ಅಪ್ಪಣೆ ಪಾಲಿಸುತ್ತಿದ್ದಳು. ಊಟ ಮಾಡಿ ಗೋಡೆಗೆ ಒರಗಿ ಇಬ್ಬರೂ ಟೀವಿಯಲ್ಲಿ ಬಾಯಾಡಿಸುವವರನ್ನು ನೋಡುತ್ತಿದ್ದೆವು.

ಆದರೆ ಶನಿವಾರ ಅವ್ವನ ಗತ್ತೇ ಬೇರೆ. ಪುಣೆಯಲ್ಲಿರುವ ನಮ್ಮ ಕಡೆಯ ಹೆಂಗಸರದು ಒಂದು ಭಜನಿ ಮಂಡಳಿ ಇತ್ತು. ಶನಿವಾರ ಮಧ್ಯಾಹ್ನ ಸರತಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ದಾಸರ ಪದ ಹೇಳುತ್ತಿದ್ದರು. ಒಬ್ಬಳು ಒಂದು ಸಾಲು ಮುಂದೆ ಹೇಳಬೇಕು, ಉಳಿದವರು ಅದನ್ನೇ ಹಿಂದೆ ಹೇಳಬೇಕು. ಮುಂದೆ ಹೇಳುವುದೆಂದರೆ ಸಣ್ಣ ಮಾತಲ್ಲ. ಸೂರು, ಅಂದರೆ ಶ್ರುತಿ, ಹಿಡಿಯುವವಳು ಅವಳು, ಯಾವ ಪದ ಯಾವಾಗ ಎನ್ನುವುದು ಅವಳ ಕೈಯಲ್ಲಿ, ಮಂಗಳಾರತಿಯ ತಟ್ಟೆ ಮೊದಲು ಅವಳ ಎದುರಿಗೆ. ನಾನು ಶಾಲೆಗೆ ಹೋಗುವಾಗಿನಿಂದ ಆ ಜಾಗ ಅವ್ವನದು. ತವರಿನಲ್ಲಿದ್ದಾಗ ಮೇಷ್ಟ್ರನ್ನು ಮನೆಗೇ ಕರೆಸಿ ಅವಳಿಗೆ ಹಾಡು ಕಲಿಸಿದ್ದರು. ಮದುವೆಯಾದ ಮೇಲೆ ಪಾಠ ನಿಂತಿತು, ತಂಬೂರಿ ತವರಿನಲ್ಲೇ ಉಳಿಯಿತು, ಅದನ್ನು ಅವಳ ಅಣ್ಣ ಅಟ್ಟಕ್ಕೆ ಹಾಕಿದ. ಕಲಿತದ್ದರಲ್ಲಿ ಅವಳಿಗೆ ಉಳಿದದ್ದು ಈ ಶನಿವಾರದ ಜಾಗ ಒಂದೇ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮದುವೆಯಲ್ಲಿ ಉಟ್ಟ ದಾಳಿಂಬೆ ಕೆಂಪಿನ ಇಳಕಲ್ ಸೀರೆ ಉಟ್ಟು, ನಾನು ಒದರುವ ಮೊದಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು.

ಆ ಜಾಗಕ್ಕೇ ಸಂಚಕಾರ ಬಂತು. ಮಂಡಳಿಯನ್ನು ನಡೆಸುವ ಕಾಕು, ನಾರಾಯಣ ಪೇಠೆಯವರು, ಅವ್ವನಿಗಿಂತ ಸ್ವಲ್ಪ ಚಿಕ್ಕವರು, ನನಗೆ ಫೋನು ಮಾಡಿ "ಶನಿವಾರ ಮಂಡಳಿ ಮುಗದ ಮ್ಯಾಲ ನೀ ಒಬ್ಬಾಕಿನ ಬಂದು ಹೋಗು" ಎಂದರು. ಹೋದೆ. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ನನ್ನ ನೌಕರಿ ಹೇಗಿದೆ ಎಂದು ಕೇಳಿದರು. ನಮ್ಮವರು ಇಷ್ಟು ಉಪಚಾರ ಮಾಡಿದರೆ ಮುಂದೆ ಏನೋ ಕಾದಿದೆ ಎಂದೇ ಅರ್ಥ.

"ನಿಮ್ಮ ಅವ್ವಾರ ಸೂರು ಭಾಳ ಜಾರಲಿಕ್ಕತ್ತದ ಈಗೀಗ," ಎಂದರು ಕಾಕು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಪಲ್ಲವಿ ಒಂದು ಸೂರಿನ್ಯಾಗ ಹಿಡೀತಾರ, ಚರಣಕ್ಕ ಬರೂದ್ರಾಗ ಮತ್ತೆಲ್ಲೋ ಹೋಗಿರತಾರ. ಅವರ ತಪ್ಪಲ್ಲ ಅದು. ಕಿವಿ ಇಲ್ಲ, ಏನ ಮಾಡಬೇಕು. ಹಿಂದ ಹೇಳಾವ್ರು ಎಲ್ಲಿ ಹಿಡೀಬೇಕಂತ ತಿಳೀದ ಸುಮ್ನ ಕೂಡತಾರ. ಶ್ರಾವಣದಾಗ ಮಠದಾಗ ನಮ್ಮ ಕಾರ್ಯಕ್ರಮ ಅದ, ಮೈಕ್ ಇರತದ. ಇನ್ನ ಮ್ಯಾಲ ಅವರು ಹಿಂದ ಕೂತು ಹೇಳಲಿ ಅಂತ ನೀ ಸ್ವಲ್ಪ ಹೇಳವಾ."

"ನೀವ ಹೇಳ್ರಿ ಕಾಕು. ನೀವು ದೊಡ್ಡವರು."

"ನಾ ಹೆಂಗ ಹೇಳಲಿ? ಒದರಬೇಕಾಗತದ. ಒದರಿ ಹೇಳೂ ಮಾತೇನು ಅದು?"

ಒದರಲು ಬಾರದ ಮಾತೆಂದು ಅವರು ನನ್ನ ಕೊರಳಿಗೆ ಕಟ್ಟಿದರು, ನಾನಾದರೂ ಒದರದೆ ಹೇಗೆ ಹೇಳಲಿ. ಅವ್ವಾ ನಿನ್ನ ಸೂರು ಹೋಗೇದ ಎಂದು ಕೊಂಢವಾದ ಆ ತೆಳ್ಳಗಿನ ಗೋಡೆಗಳ ನಡುವೆ ಕೂಗಬೇಕೇ? ಮೇಲಿನವರು, ಕೆಳಗಿನವರು, ಗಾರೆ ಕೆಲಸದವರು, ಎಲ್ಲರಿಗೂ ಕೇಳಿಸುವ ಹಾಗೆ?

ಕ್ಯಾಂಪಿನಲ್ಲಿ ದರ್ಜಿಯ ಹತ್ತಿರ ಕುಬಸ ಹೊಲಿಯಲು ಕೊಟ್ಟಿದ್ದೆ. ಅದನ್ನು ತರುವ ನೆಪದಲ್ಲಿ ಅಲ್ಲಿ ಬಸ್ಸಿಳಿದೆ. ಕುಬಸ ಆಗಿರಲಿಲ್ಲ. ಸೀದಾ ಮನೆಗೆ ಹೋಗಲು ಕಾಲು ಬರಲಿಲ್ಲ. ಗಲ್ಲಿ ಗಲ್ಲಿ ಸುತ್ತಿದೆ. ಒಂದು ಓಣಿಯಲ್ಲಿ ವಾದ್ಯದ ಅಂಗಡಿ. ಗಾಜಿನ ಹಿಂದೆ ಅದು ನಿಂತಿತ್ತು.

ನಡುವೆ ದಾಳಿಂಬೆ ಕೆಂಪು. ಅಂಚಿಗೆ ಹೋಗುತ್ತ ಹೋಗುತ್ತ ಕಪ್ಪು. ಉದ್ದ ಕುತ್ತಿಗೆ, ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ದೊಡ್ಡ ಬೆಳ್ಳಿಯ ಬಣ್ಣದ ಕಿವಿಗಳು. ಎಲ್ಲಿಯೂ ಒಂದು ಮೂಲೆ ಇಲ್ಲ, ಎಲ್ಲ ಕಡೆ ತಿರುವು, ಒರೆಸಿ ಒರೆಸಿ ನೀರಿನಂಥ ಹೊಳಪು. ನನ್ನ ಇಡೀ ದಿನದಲ್ಲಿ, ಸುಳ್ಳು ಯಾಕೆ ಹೇಳಲಿ, ನನ್ನ ಇಡೀ ವರ್ಷದಲ್ಲಿ, ಅಷ್ಟು ಚೆಂದದ ವಸ್ತು ಒಂದನ್ನೂ ನಾನು ಮುಟ್ಟಿರಲಿಲ್ಲ. ನನ್ನ ಕೈಗೆ ಬರುವುದೆಲ್ಲ ಉಪಯೋಗದ ವಸ್ತು: ಬಸ್ಸಿನ ಸರಳು, ಆಫೀಸಿನ ಮೌಸು, ಮುಸುರೆ ಪಾತ್ರೆ.

ಅಂಗಡಿಯವನು ಪೇಪರಿನಿಂದ ತಲೆ ಎತ್ತಿ, ಏನು ನುಡಿಸುತ್ತೀರಿ ಮೇಡಂ ಎಂದು ಹಿಂದಿಯಲ್ಲಿ ಕೇಳಿದ. ಏನೂ ಇಲ್ಲ ಎಂದೆ. ಮಕ್ಕಳಿಗೆ ಬೇಕೇ ಎಂದ. ಮಕ್ಕಳಿಲ್ಲ ಎಂದೆ. ಅವನು ಮುಂದೆ ಕೇಳಲಿಲ್ಲ, ಒಳ್ಳೆಯ ಮನುಷ್ಯ. ಚೀಲಕ್ಕೆ ಹಾಕಿ ಕೊಡುವಾಗ ಮಾತ್ರ, ಜೊತೆಗೆ ಈ ಪೆಟ್ಟಿಗೆ ಬೇಡವೇ ಎಂದು ನೆಲದ ಮೇಲಿನ ಒಂದು ಕಪ್ಪು ಪೆಟ್ಟಿಗೆ ತೋರಿಸಿದ. ಗಿರಾಕಿ ಸಿಕ್ಕಳೆಂದು ಎರಡನೆಯ ಸಾಮಾನೂ ದಾಟಿಸಲು ನೋಡುತ್ತಿದ್ದಾನೆ ಎಂದುಕೊಂಡು ಬೇಡ ಎಂದು ಖಡಕ್ಕಾಗಿ ಹೇಳಿದೆ. ನನ್ನ ವ್ಯವಹಾರ ಬುದ್ಧಿ ಆ ದಿನ ಎಚ್ಚರವಾದದ್ದು ಅಲ್ಲಿ ಒಂದೇ ಕಡೆ, ಅದೂ ತಪ್ಪು ಜಾಗದಲ್ಲಿ.

ಪೂಲ್‌ಗೇಟ್ ನಿಲ್ದಾಣದಿಂದ ಕೊಂಢವಾದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಾಗಲೇ ಬುದ್ಧಿ ಬಂತು. ಇದನ್ನೇನು ಮಾಡುತ್ತೀ ಎಂದು ನನ್ನನ್ನೇ ಕೇಳಿಕೊಂಡೆ. ಅದು ಅಕ್ಕಿಯ ಚೀಲಕ್ಕಿಂತ ಎತ್ತರ ಇತ್ತು, ಕಲ್ಲಿನಂತೆ ಭಾರ ಇತ್ತು. ಕಂಡಕ್ಟರು ಇದಕ್ಕೂ ಒಂದು ಟಿಕೆಟ್ ತೆಗೆಸಿಬಿಡಿ ಬಾಯಿ ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದ. ನಗುವಷ್ಟು ತ್ರಾಣ ಇರಲಿಲ್ಲ.

ಅವ್ವ ಬಾಗಿಲು ತೆಗೆದಳು. ಚೀಲ ಬಿಚ್ಚಿ ತೋರಿಸಿದೆ. ಅವಳು ಬಯ್ಯಲಿಲ್ಲ. ಮೊದಲು ದೇವರ ಮುಂದಿನ ಭರಣಿ ತಂದು, ಹೊಸ ವಸ್ತು ಬಂದಿತಲ್ಲ ಎಂದು ಅದರ ಹಣೆಗೆ, ಅಂದರೆ ಹಣೆ ಎಂದು ಅವಳು ತಿಳಿದ ಜಾಗಕ್ಕೆ, ಅರಿಷಿಣ ಕುಂಕುಮ ಹಚ್ಚಿದಳು. ಆಮೇಲೆ ಒಂದೊಂದೇ ತಂತಿಯನ್ನು ಬೆರಳಿನಿಂದ ಮುಟ್ಟಿ ಎಣಿಸಿದಳು.

"ನಾಲ್ಕ ತಂತಿ," ಎಂದಳು. "ತಂಬೂರಿ ಇದು. ಕುಂಬಳ ಎಲ್ಲಿ ಹೋತು ಇದಕ್ಕ?"

ತಂಬೂರಿಯ ಬುಡದಲ್ಲಿರುವ ಆ ದೊಡ್ಡ ಕುಂಬಳದ ಬುರುಡೆ ಇಲ್ಲದ್ದನ್ನು ಕಂಡು ಅವಳಿಗೆ ಆಶ್ಚರ್ಯ. ಇದು ತಂಬೂರಿಯಲ್ಲ, ಇಂಗ್ಲಿಷ್ ವಾದ್ಯ ಎಂದು ಒದರಲು ಬಾಯಿ ತೆರೆದೆ, ಬಿಟ್ಟುಬಿಟ್ಟೆ. ಒದರಿ ಒದರಿ ಗಂಟಲು ಸವೆದಿತ್ತು. ತಂಬೂರಿ ಎಂದುಕೊಂಡರೆ ಯಾರ ಗಂಟೇನು ಹೋಗುತ್ತದೆ. "ಹೊಸಾ ನಮೂನಿ ಮಾಡಿರಬೇಕು," ಎಂದು ಅವಳೇ ಸಮಾಧಾನ ಮಾಡಿಕೊಂಡು, ಕುಂಕುಮ ಉದುರದ ಹಾಗೆ ಜೋಪಾನವಾಗಿ ಅದನ್ನು ಗೋಡೆಗೆ ಒರಗಿಸಿದಳು. ಹೇಳಬೇಕಾದ ಮಾತು ಆ ದಿನ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಸೋಮವಾರ ಕಂಪನಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಬೆಂಗಳೂರಿನವನಿಗೆ ಇದನ್ನು ವರ್ಣಿಸಿದೆ. ಕಿವಿಗೆ ವೈರು ಸಿಕ್ಕಿಸಿಕೊಂಡೇ ಬದುಕುವವನು, ಇಂಥದ್ದು ತಿಳಿದಿರಬಹುದು ಎಂದು. ಅವನು ನಕ್ಕು ನಕ್ಕು ಸುಸ್ತಾದ. "ಮೇಡಂ, ಫೋರ್ ಸ್ಟ್ರಿಂಗ್ಸ್ ಅಂದ್ರೆ ಅದು ಬೇಸ್. ಎಲೆಕ್ಟ್ರಿಕ್ಕು. ಆಂಪ್ ತಗೊಂಡಿಲ್ವಾ? ಆಂಪ್ ಇಲ್ದೆ ಸೌಂಡೇ ಬರಲ್ಲ. ಸುಮ್ನೆ ಟೊಕ್ ಟೊಕ್ ಅನ್ನತ್ತೆ ಅಷ್ಟೇ." ಕಪ್ಪು ಪೆಟ್ಟಿಗೆ ಯಾತಕ್ಕೆ ಎಂದು ಆಗ ಗೊತ್ತಾಯಿತು. ಕಿವುಡಿಯ ಮನೆಗೆ ಮೂಗ ವಾದ್ಯ ತಂದೆನಲ್ಲ ಎಂದು ನನಗೇ ನನ್ನ ಮೇಲೆ ಸಿಟ್ಟು ಬಂತು. ಮತ್ತೆ ಆ ಪೆಟ್ಟಿಗೆಗೆಂದು ಕ್ಯಾಂಪಿಗೆ ಹೋಗುವ ಉಸಾಬರಿ ನನಗೆ ಬೇಕಾಗಿರಲಿಲ್ಲ. ಅಂದಕ್ಕೆ ತಂದದ್ದು, ಅಂದವಾಗಿ ನಿಂತಿರಲಿ ಎಂದುಕೊಂಡೆ.

ಶನಿವಾರಗಳು ಕಳೆದವು. ಅವ್ವ ಇಳಕಲ್ ಸೀರೆ ಉಟ್ಟು ಹೋಗಿ ಬರುತ್ತಿದ್ದಳು. ಕಾಕು ಫೋನು ಮಾಡುತ್ತಿದ್ದರು. ಹೇಳಿದೆಯಾ ಎಂದು ಅವರು, ಹೇಳ್ತೀನ್ರಿ ಎಂದು ನಾನು. ಒಂದು ಸಲ ಅವ್ವನ ಎದುರಿಗೇ ಫೋನಿನಲ್ಲಿ ಅವಳ ಬಗ್ಗೆ ಮಾತಾಡಿದೆ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಫೋನಿಟ್ಟು ನಾನೂ ಅವರೆಕಾಯಿ ಸುಲಿಯಲು ಕೂತೆ.

ಒಂದು ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಸೋಸುತ್ತಿದ್ದೆ. ಹೊರಗಿನ ಕೋಣೆಯಿಂದ ಅವ್ವ ಹಾಡುವುದು ಕೇಳಿಸಿತು. ಅವಳು ಯಾವಾಗಲೂ ಗುನುಗುವವಳೇ, ಅದರಲ್ಲಿ ಹೊಸದೇನಿಲ್ಲ. ಕೈ ಯಾಕೆ ನಿಂತಿತು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸೂರು ಜಾರಿರಲಿಲ್ಲ. ಪಲ್ಲವಿ ಎಲ್ಲಿ ಹಿಡಿದಿದ್ದಳೋ ಅಲ್ಲಿಗೇ ಚರಣ ಬಂದು ಸೇರಿತು. ನಾನು ಶಾಲೆಗೆ ಹೋಗುತ್ತಿದ್ದಾಗ ಕೇಳಿದ ದನಿ ಅದು, ಸ್ವಲ್ಪ ಒಡೆದಿತ್ತು, ಅಷ್ಟೇ.

ಬಂದು ನೋಡಿದೆ. ಅವ್ವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಗಿಟಾರನ್ನು ಲೋಕದವರು ಹಿಡಿಯುವ ಹಾಗೆ ಅಡ್ಡ ಹಿಡಿದಿರಲಿಲ್ಲ. ತಂಬೂರಿಯ ಹಾಗೆ ನೆಟ್ಟಗೆ ನಿಲ್ಲಿಸಿ, ಬುಡವನ್ನು ಮಡಿಲಲ್ಲಿ ಇಟ್ಟುಕೊಂಡು, ಉದ್ದ ಕುತ್ತಿಗೆಯನ್ನು ಹೆಗಲಿನ ಮೇಲೆ ಒರಗಿಸಿಕೊಂಡಿದ್ದಳು. ತಂಬೂರಿ ಹಿಡಿದವರಿಗೆ ಅದರ ಕಡೆಗೆ ತಲೆ ವಾಲಿಸುವ ರೂಢಿ. ಅವಳ ಕಿವಿಯ ಹಿಂದಿನ ಎಲುಬು ಆ ಕಟ್ಟಿಗೆಗೆ ಒತ್ತಿ ಕೂತಿತ್ತು. ಎರಡು ದಪ್ಪ ತಂತಿಗಳನ್ನು ತುಸು ಸಡಿಲಿಸಿ, ಉಳಿದ ಎರಡನ್ನು ಹಾಗೇ ಬಿಟ್ಟು, ಪ ಸಾ ಪ ಸಾ ಎಂದು ಶ್ರುತಿ ಮಾಡಿಕೊಂಡಿದ್ದಳು. ಬಾಗಿಲಲ್ಲಿ ನಿಂತ ನನಗೆ ಟೊಕ್ ಟೊಕ್ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಅವಳು ನನ್ನನ್ನು ಕಂಡು ಬೆರಳು ನಿಲ್ಲಿಸಿದಳು. "ಕೇಳಸ್ತದ," ಎಂದಳು. "ಕಿವ್ಯಾಗಲ್ಲ. ತಲಿಯೊಳಗ ಕೇಳಸ್ತದ."

ನಾನು ಅಲ್ಲೇ ಬಾಗಿಲಿಗೆ ಒರಗಿ ಕೂತೆ. ಖುಷಿಯಾಯಿತು. ಇಂಥ ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಅದರಲ್ಲಿ ಅರ್ಧ ಅವಳದು, ಅರ್ಧ ಆ ಹಾಳು ಮಾತು ಹೇಳುವುದು ತಪ್ಪಿತಲ್ಲ ಎಂಬ ನನ್ನದು. ಆ ದಿನವೇ ಕಾಕುಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮನ್ಯಾಗ ಸರಿನವಾ," ಎಂದರು. "ಮಠದಾಗ ಅಷ್ಟು ದೊಡ್ಡ ಇಂಗ್ಲಿಷ್ ವಾದ್ಯ ಹಿಡಕೊಂಡು ಕೂಡಲಿಕ್ಕೆ ಬರತದೇನು? ಸ್ವಾಮಿಗಳು ಬರತಾರ. ನೀ ಹೇಳಿಬಿಡು ಆಕಿಗೆ. ದಿನಾ ಭಾಳ ಉಳದಿಲ್ಲ."

ಮತ್ತೆ ಅದೇ ಮಾತು ನನ್ನ ಕೊರಳಿಗೆ ಬಿತ್ತು. ಆ ವಾರ ಆಫೀಸಿನಲ್ಲಿ ಪಗಾರದ ವಾರ. ಬೈಪಾಸಿನಲ್ಲಿ ಒಂದು ಟ್ರಕ್ಕು ಮಗುಚಿ ಬಿದ್ದು, ಬಸ್ಸು ನಿಂತಲ್ಲೇ ನಿಂತು, ನಾನು ಮನೆಗೆ ಬಂದಾಗ ಅವ್ವ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಅವಳು ಚಾಪೆಯ ಮೇಲೆ ಗಿಟಾರು ನಿಲ್ಲಿಸಿಕೊಂಡು ಕೂತಿದ್ದಳು. ಚೀಲ ಒಂದು ಕಡೆ ಎಸೆದು ಅವಳ ಪಕ್ಕ ಕುಸಿದೆ. ಅವಳ ಮಡಿಲಿನಲ್ಲಿದ್ದ ಗಿಟಾರಿನ ಬುಡದಲ್ಲಿ ಕೊಂಬಿನಂತೆ ಚಾಚಿಕೊಂಡ ಭಾಗದ ಮೇಲೆ ನನ್ನ ಗದ್ದ ಊರಿದೆ. ತಲೆಯನ್ನು ಕುತ್ತಿಗೆಯ ಮೇಲೆ ಹೊರುವಷ್ಟು ಶಕ್ತಿಯೂ ಇರಲಿಲ್ಲ.

"ಈಕಿಗೆ ಇದನ್ನ ಹೆಂಗ ಹೇಳಲಿ ನಾ," ಎಂದು ಗೊಣಗಿಕೊಂಡೆ. ನನಗೆ ನಾನೇ ಆಡಿಕೊಂಡ ಮಾತು, ತುಟಿ ಕೂಡ ಸರಿಯಾಗಿ ತೆರೆದಿರಲಿಲ್ಲ.

"ಏನು ಹೇಳೂದದ?" ಎಂದಳು ಅವ್ವ.

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದಳು, ತಲೆ ಕಟ್ಟಿಗೆಗೆ ವಾಲಿತ್ತು. ನನ್ನ ಗದ್ದದಿಂದ ಹೊರಟ ಮಾತು ಆ ಕೆಂಪು ಮರದಲ್ಲಿ ಹಾದು ಅವಳ ಎಲುಬಿಗೆ ಮುಟ್ಟಿತ್ತು. ಗದ್ದ ತೆಗೆದು "ಕೇಳಸ್ತೇನು?" ಎಂದೆ. ಉತ್ತರ ಇಲ್ಲ. ಮತ್ತೆ ಗದ್ದ ಊರಿ ಅದೇ ದನಿಯಲ್ಲಿ "ಕೇಳಸ್ತೇನು?" ಎಂದೆ.

"ಕೇಳಸ್ತು. ಒದರಬ್ಯಾಡ," ಎಂದಳು.

ಒದರಿರಲಿಲ್ಲ ನಾನು. ಅವಳ ಜೊತೆ ಮೆತ್ತಗೆ ಮಾತಾಡಿದ್ದು ಕೊನೆಗೆ ಯಾವಾಗ ಎಂದು ನೆನಪಾಗಲಿಲ್ಲ. ಅತ್ತುಬಿಟ್ಟೆ. ಅಳುವುದೂ ಮರದೊಳಗಿಂದ ಅವಳಿಗೆ ಕೇಳಿಸಿರಬೇಕು, ಅವಳು ತಲೆ ತೆಗೆಯಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಕಾಕು ಕರೆಸಿದ್ದು, ಸೂರು ಜಾರುವುದು, ಹಿಂದೆ ಹೇಳುವವರು ಸುಮ್ಮನೆ ಕೂಡುವುದು, ಶ್ರಾವಣ, ಮಠ, ಮೈಕು. ಒದರಿ ಹೇಳಲು ಬಾರದ ಮಾತನ್ನು ಅದಕ್ಕೆ ತಕ್ಕ ದನಿಯಲ್ಲೇ ಹೇಳಿ ಮುಗಿಸಿದೆ.

ಅವ್ವ ನಾಲ್ಕೂ ತಂತಿಗಳನ್ನು ಒಂದು ಸುತ್ತು ಮೀಟಿದಳು. ಅದು ನನ್ನ ಹಲ್ಲಿನಲ್ಲಿ ಝುಂ ಎಂದಿತು.

"ನಾ ಅವರ ಬಾಯಿ ನೋಡತಿರತೀನಿ," ಎಂದಳು. "ಮೊದಲ ಎಲ್ಲಾರ ಬಾಯಿ ಕೂಡೇ ತೆರೀತಿದ್ದವು. ಈಗ ನಾ ಹೇಳಿ ನಿಂತ ಮ್ಯಾಲ ಒಬ್ಬರ ಮಾರಿ ಒಬ್ಬರು ನೋಡತಾರ. ಯಾರರ ಹೇಳತಾರ ಅಂತ ಹಾದಿ ಕಾಯತಿದ್ದೆ. ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ."

"ಒದರಿ ಹೆಂಗ ಹೇಳಲೆವ್ವಾ."

"ಹೂಂ," ಎಂದಳು. ತಂತಿಗಳ ಮೇಲೆ ಅಂಗೈ ಇಟ್ಟು, "ಹಿಂದ ಕೂಡತೀನಿ. ಆದರ ಒಂದ ಸಲ ಇದನ್ನ ತಗೊಂಡು ಹೋಗಿ ಸರಿಯಾಗಿ ಹೇಳಿ ಎದ್ದು ಬರತೀನಿ. ಸೂರು ಕೆಟ್ಟಾಗ ಎಬ್ಬಿಸಿ ಕಳಿಸಿದರು ಅಂತ ಆಗಬಾರದು" ಎಂದಳು.

"ಮಠದಾಗ ಮಂದಿ ನಗತಾರವ್ವಾ, ಇದನ್ನ ನೋಡಿ."

"ನಗಲಿ ಬಿಡು. ನನಗೇನು ಕೇಳಸ್ತದೇನು?"

ಕಾಕುಗೆ ನಾನೇ ಹೋಗಿ ಹೇಳಿದೆ. ಒಂದೇ ಪದ, ಆಮೇಲೆ ಹಿಂದೆ ಕೂಡುತ್ತಾಳೆ ಎಂದೆ. ಅವರು ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ಕೂತು, ಆಗಲಿ, ಮೊದಲನೆಯ ಪದ ಅವರೇ ಹೇಳಲಿ ಎಂದರು.

ಶ್ರಾವಣದ ಆ ದಿನ ರಜೆ ಹಾಕಿ ಗಿಟಾರು ಹೊತ್ತೆ. ಅಂದ ನೋಡಿ ಕೊಂಡವಳಿಗೆ ಹೊರುವ ಕೆಲಸ ತಪ್ಪುತ್ತದೆಯೇ. ಮಠದಲ್ಲಿ ಚೀಲ ಬಿಚ್ಚಿದಾಗ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಇದೇನ್ರೀ ಇದು ಎಂದು ಯಾರೋ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅವ್ವ ದಾಳಿಂಬೆ ಕೆಂಪು ಸೀರೆಯಲ್ಲಿ ಮೈಕಿನ ಮುಂದೆ ಕೂತು, ದಾಳಿಂಬೆ ಕೆಂಪು ಗಿಟಾರನ್ನು ನೆಟ್ಟಗೆ ನಿಲ್ಲಿಸಿ, ತಲೆ ವಾಲಿಸಿದಳು. ಬೆರಳು ಆಡಿತು. ಅವಳೊಬ್ಬಳಿಗೇ ಕೇಳುವ ಶ್ರುತಿ. ಆಮೇಲೆ ಪಲ್ಲವಿ ಎತ್ತಿದಳು.

ಮೊದಲ ಸಾಲಿಗೆ ಹಿಂದಿನವರು ಅನುಮಾನದಿಂದಲೇ ಬಾಯಿ ತೆರೆದರು. ಎರಡನೆಯ ಸಾಲಿಗೆ ಎಲ್ಲರದೂ ಕೂಡಿತು. ಚರಣದಲ್ಲಿ ಅವಳು ಮೇಲಿನ ಸೂರಿಗೆ ಹೋಗಿ ಅಲ್ಲಿ ನಿಂತಾಗ ನಕ್ಕವರು ಕೂಡ ತಾಳ ಹಾಕುತ್ತಿದ್ದರು. ನಾನು ಕಂಬದ ಹತ್ತಿರ ಖಾಲಿ ಚೀಲ ಹಿಡಿದು ನಿಂತಿದ್ದೆ. ಎಲ್ಲಿಯೂ ಜಾರಲಿಲ್ಲ. ಪದ ಮುಗಿಯಿತು. ಕಾಕು ಬಗ್ಗಿ ಅವಳ ಕೈ ಹಿಡಿದು, ಇನ್ನೊಂದು ಹೇಳ್ರಿ, ನೀವೇ ಹೇಳ್ರಿ ಎಂದು ಬೆರಳು ಎತ್ತಿ ತೋರಿಸಿದರು. ಒಬ್ಬರಿಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಅವ್ವ ಎಲ್ಲರ ಬಾಯಿ ಒಮ್ಮೆ ನೋಡಿದಳು. ಮೈಕನ್ನು ಕಾಕುವಿನ ಕಡೆ ತಿರುಗಿಸಿದಳು. ಗಿಟಾರು ನನ್ನ ಕೈಗೆ ಕೊಟ್ಟು, ಹಿಂದಿನ ಸಾಲಿಗೆ ಹೋಗಿ, ಅಲ್ಲಿದ್ದವರನ್ನು ಸ್ವಲ್ಪ ಸರಿಸಿ ಕೂತಳು.

ಮನೆಗೆ ರಿಕ್ಷಾ ಮಾಡಿದೆವು. ಗಿಟಾರಿಗೆ ಚೀಲ ಹಾಕುವ ಉಮೇದು ನನಗಿರಲಿಲ್ಲ, ಹಾಗೇ ನಮ್ಮಿಬ್ಬರ ನಡುವೆ ನಿಲ್ಲಿಸಿದೆ. ಅವ್ವ ರೂಢಿಯಂತೆ ಅದಕ್ಕೆ ತಲೆ ಕೊಟ್ಟಳು. ನಾನು ಬಗ್ಗಿ ಗದ್ದ ಊರಿದೆ. ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, ನೋಡದವನ ಹಾಗೆ ಮುಂದೆ ತಿರುಗಿದ.

"ಸೂರು ಸರಿ ಇತ್ತಲ್ಲವ್ವಾ," ಎಂದೆ. "ಅವರ ಮತ್ತ ಹೇಳ್ರಿ ಅಂದರು. ಯಾಕ ಎದ್ದಿ?"

"ನಂದು ನನಗ ಕೇಳಿಸ್ತು. ಅವರು ಹಿಂದ ಹೇಳಿದ್ದು ಕೇಳಿಸಲಿಲ್ಲ." ಅವಳ ದನಿಯಲ್ಲಿ ಅಳು ಇರಲಿಲ್ಲ, ದಣಿವಿತ್ತು. "ಮುಂದ ಹೇಳಾಕಿ ಹಿಂದಿನವರದು ಕೇಳಬೇಕು. ಯಾರಿಗೆ ಉಸಿರು ಸಾಲಲಿಲ್ಲ, ಯಾರು ಎಳದರು, ಅದನ್ನ ಕೇಳಿ ಮುಂದಿನ ಸಾಲು ಎತ್ತಬೇಕು. ಇಲ್ಲಾಂದ್ರ ನಾ ಒಬ್ಬಾಕಿನ ಒದರಿದಂಗ ಆತು."

ರಿಕ್ಷಾ ಕೊಂಢವಾದ ಏರು ಹತ್ತತೊಡಗಿತು.

"ನೀ ಏನರ ಹೇಳು," ಎಂದಳು ಅವ್ವ.

"ಏನು ಹೇಳಲಿ?"

"ಏನರ. ನಿಂದು ಕೇಳಸ್ತದ ನನಗ."

ಗ್ಯಾಸ್, ಗುಳಿಗಿ, ಬಾಗಿಲು, ಇವೇ ಮೊದಲು ಬಾಯಿಗೆ ಬಂದವು. ಅವನ್ನು ನುಂಗಿಕೊಂಡೆ. "ದಣದೀನವ್ವಾ," ಎಂದೆ. "ಭಾಳ ವರ್ಷ ಆತು, ಭಾಳ ದಣದೀನಿ."

"ಮಾರಿ ನೋಡಿದ್ರ ತಿಳೀತಿತ್ತು," ಎಂದಳು ಅವಳು. "ನಿನ್ನ ಬಾಯಿಂದ ಕೇಳಿರಲಿಲ್ಲ. ಹೇಳು, ಮುಂದ ಹೇಳು."

ಪೈಪು ಹಾಕಲೆಂದು ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ರಿಕ್ಷಾ ಕುಣಿದಾಗಲೆಲ್ಲ ಗದ್ದ ಮರಕ್ಕೆ ಬಡಿದು ಹಲ್ಲು ನೋಯುತ್ತಿತ್ತು. ಮನೆ ಬರುವ ತನಕ ನಾನು ಗದ್ದ ಎತ್ತಲಿಲ್ಲ.